ಅತಿಥಿಯ ವ್ರತವೂ ಅನ್ನದ ಋಣವೂ

ಪರದೇಶಕ್ಕೆ ಹೋದವನು ಅಲ್ಲಿಯ ದೇವಾಲಯಗಳನ್ನು ಹೊರಗೆ ನಿಂತು ನೋಡಬಹುದು. ಅಲ್ಲಿಯ ಸಂಗೀತವನ್ನು ದೂರದಿಂದ ಕೇಳಬಹುದು. ಅಲ್ಲಿಯ ಆಚಾರಗಳನ್ನು ಒಪ್ಪದೆಯೂ ಅರಿಯಬಹುದು. ಅಲ್ಲಿಯ ಅನ್ನದ ಮುಂದೆ ಮಾತ್ರ ಅವನು ಬರಿಯ ಪ್ರೇಕ್ಷಕನಾಗಿ ಉಳಿಯಲಾರನು. ಬಡಿಸಿದ ಮೇಲೆ ಉಣ್ಣಬೇಕು, ಇಲ್ಲವೆ ಬೇಡವೆನ್ನಬೇಕು. ಆದುದರಿಂದಲೇ ಮೊದಲ ಸಲ ಜಪಾನಿಗೆ ಹೋಗುವ ಕನ್ನಡಿಗನಿಗೆ, ಅದರಲ್ಲಿಯೂ ಶಾಕಾಹಾರದ ನಿಯಮವುಳ್ಳ ಮನೆಯಲ್ಲಿ ಬೆಳೆದವನಿಗೆ, ಊಟವು ಧರ್ಮದ ಪ್ರಶ್ನೆಯಾಗಿ ಪರಿಣಮಿಸುತ್ತದೆ. ತನ್ನ ವ್ರತಕ್ಕೆ ಅವನು ಸಲ್ಲಿಸಬೇಕಾದುದೇನು? ಬಡಿಸಿದವರಿಗೆ ಸಲ್ಲಿಸಬೇಕಾದುದೇನು?

ಆ ನಾಡಿನ ಸಾಂಪ್ರದಾಯಿಕ ಊಟದ ಕ್ರಮ ಸರಳವಾದುದು: ಅನ್ನ, ಒಂದು ಸಾರು, ಮೂರು ವ್ಯಂಜನಗಳು, ಉಪ್ಪಿನಲ್ಲಿಟ್ಟ ತರಕಾರಿ. 2013ರಲ್ಲಿ ಯುನೆಸ್ಕೊ ಸಂಸ್ಥೆಯು ಈ ಪರಂಪರೆಯನ್ನು ಮಾನವಕುಲದ ಅಮೂರ್ತ ಸಂಪತ್ತುಗಳ ಪಟ್ಟಿಯಲ್ಲಿ ಸೇರಿಸಿತು. ಮೀನಿನ ತುಂಡು ಕಣ್ಣಿಗೆ ಬಿದ್ದರೆ ಪ್ರವಾಸಿಯು ಅದನ್ನು ಬಿಟ್ಟುಬಿಡಬಹುದು. ತೊಡಕಿರುವುದು ಕಾಣದ ಮೀನಿನಲ್ಲಿ. ಬೇಯಿಸಿದ ಮೂಲಂಗಿ, ಹುದುಗಿಸಿದ ಸೋಯಾ ಕಾಳಿನ ಸಾರು, ಸೊಬ ಎಂಬ ಶಾವಿಗೆಯ ರಸ, ಇವಕ್ಕೆಲ್ಲ ಸಾಮಾನ್ಯವಾಗಿ ಬುನಾದಿಯಾಗಿರುವುದು ‘ದಾಶಿ’ ಎಂಬ ತಿಳಿಗಟ್ಟು. ಕೊಂಬು ಎಂಬ ಕಡಲಕಳೆಯನ್ನೂ, ಬೇಯಿಸಿ ಹೊಗೆಯಾಡಿಸಿ ಕಟ್ಟಿಗೆಯಂತೆ ಗಟ್ಟಿಯಾಗುವವರೆಗೆ ಒಣಗಿಸಿದ ಕತ್ಸುಓ ಮೀನಿನ ತೆಳುವಾದ ಹೆರಕಲನ್ನೂ ನೀರಿನಲ್ಲಿ ಕಾಯಿಸಿ ಸೋಸಿದರೆ ಅದು ಸಿದ್ಧವಾಗುತ್ತದೆ. ಮೀನು ಮೇಲುಳಿಯುತ್ತದೆ, ಅದರ ಸಾರ ಬಟ್ಟಲಿಗೆ ಇಳಿಯುತ್ತದೆ. ಟೋಕಿಯೊದ ರಸಾಯನಶಾಸ್ತ್ರಜ್ಞ ಇಕೆಡಾ ಕಿಕುನಾಯೆ ಅವರು 1908ರಲ್ಲಿ ಆ ಕಡಲಕಳೆಯ ರುಚಿಗೆ ಗ್ಲುಟಮೇಟ್ ಕಾರಣವೆಂದು ಕಂಡುಹಿಡಿದು, ಆ ರುಚಿಯನ್ನು ‘ಉಮಾಮಿ’ ಎಂದು ಕರೆದರು. ಒಣಮೀನಿನಲ್ಲಿಯೂ ಅಂತಹುದೇ ರುಚಿಯ ಮೂಲದ್ರವ್ಯವಿರುವುದನ್ನು ಕೊಡಮಾ ಶಿಂತಾರೊ ಅವರು 1913ರಲ್ಲಿ ತೋರಿಸಿದರು. ಹೀಗೆ ಸಾರನ್ನು ಮೆಚ್ಚಿದ ನಾಲಗೆಯು ತನಗರಿವಿಲ್ಲದೆಯೇ ಮೀನನ್ನು ಮೆಚ್ಚಿರುತ್ತದೆ.

ಅದೇ ಪ್ರವಾಸಿಯ ಮುಂದೆ ನತ್ತೊ ಇಟ್ಟರೆ ಅವನು ಮುಖ ತಿರುಗಿಸಬಹುದು. ಅದು ಬೇಯಿಸಿ ಹುದುಗಿಸಿದ ಸೋಯಾ ಕಾಳು. ನೂಲಿನಂತೆ ಎಳೆಯೆಳೆಯಾಗಿ ಏಳುವ ಲೋಳೆ, ಕಟುವಾದ ವಾಸನೆ. ಆ ಕಾಳಿನಲ್ಲಿ ಜೀವಹಿಂಸೆಯ ಲೇಶವೂ ಇಲ್ಲ. ಮೀನಿನ ಸಾರನ್ನು ಕೇಳಿ ಹಾಕಿಸಿಕೊಂಡು, ಕಾಳನ್ನು ಅಶುದ್ಧವೆಂದು ದೂಡುವ ಈ ವಿಪರೀತದಿಂದ ಒಂದು ಮಾತು ಸ್ಪಷ್ಟವಾಗುತ್ತದೆ. ಹೇಸಿಗೆ ಬೇರೆ, ಧರ್ಮ ಬೇರೆ. ಮೊದಲನೆಯದು ಅಭ್ಯಾಸದಿಂದ ಬಂದುದು, ಎರಡನೆಯದು ವಿವೇಕದಿಂದ ಬರಬೇಕಾದುದು. ಸ್ವಂತ ಊರಿನಲ್ಲಿ ಇವೆರಡೂ ಒಂದೇ ಎಲೆಯಲ್ಲಿ ಕಲೆತಿರುವುದರಿಂದ ಭೇದವು ತೋರುವುದಿಲ್ಲ. ಪರದೇಶದ ಅನ್ನವು ಅವುಗಳನ್ನು ಬೇರ್ಪಡಿಸಿ ತೋರಿಸುತ್ತದೆ.

ಹಾಗಾದರೆ ವ್ರತವುಳ್ಳವನು ಮಾಡಬೇಕಾದುದೇನು? ಕಾಣದುದಕ್ಕೆ ದೋಷವಿಲ್ಲವೆಂಬುದು ಒಂದು ಉತ್ತರ. ತನಗಾಗಿ ಕೊಂದುದೆಂದು ಕಾಣದ, ಕೇಳದ, ಶಂಕಿಸದ ಮಾಂಸವನ್ನು ಭಿಕ್ಷುವು ಸ್ವೀಕರಿಸಬಹುದೆಂದು ಬೌದ್ಧರ ವಿನಯದಲ್ಲಿ ವಿಧಿಯುಂಟು. ಆದರೆ ಅದು ಬಂದುದನ್ನು ಉಣ್ಣುವ ಭಿಕ್ಷುವಿಗೆ ಹೇಳಿದ ಮಾತು. ಹಣ ಕೊಟ್ಟು, ಬೇಕಾದುದನ್ನು ಆರಿಸಿಕೊಳ್ಳುವ ಪ್ರವಾಸಿಯು ಅದರ ಮರೆಯಲ್ಲಿ ನಿಲ್ಲಲಾಗದು. ಕೇಳಿದರೆ ತಿಳಿಯುವುದೆಂಬ ಭಯದಿಂದ ಕೇಳದಿರುವುದು ಅಜ್ಞಾನವಲ್ಲ, ಆತ್ಮವಂಚನೆ.

ಎಲ್ಲವನ್ನೂ ತಿರಸ್ಕರಿಸಿ, ಮನೆಯಿಂದ ತಂದ ಬುತ್ತಿಯನ್ನೇ ಕೋಣೆಯಲ್ಲಿ ಉಂಡು ಬರುವುದು ಎರಡನೆಯ ಉತ್ತರ. ಇದರಲ್ಲಿ ವ್ರತವು ಉಳಿಯುತ್ತದೆ. ಆದರೆ ದಯೆಯು ತನ್ನೊಬ್ಬನ ಸೊತ್ತೆಂಬ ಗರ್ವವೂ ಅದರೊಡನೆ ಬೆಳೆಯುವುದುಂಟು. ಜಪಾನಿನ ಚರಿತ್ರೆಯು ಅದಕ್ಕೆ ಎಡೆಗೊಡುವುದಿಲ್ಲ. 675ರಷ್ಟು ಹಿಂದೆಯೇ ತೆಮ್ಮು ಚಕ್ರವರ್ತಿಯು ದನ, ಕುದುರೆ, ನಾಯಿ, ಕೋತಿ, ಕೋಳಿಗಳ ಮಾಂಸವನ್ನು ನಿಷೇಧಿಸಿ ಆಜ್ಞೆ ಹೊರಡಿಸಿದ್ದನು. ಯಮಾಗುಚಿ ಸೀಮೆಯ ಕಾಯೋಯಿ ಎಂಬ ಕಡಲ ತೀರದ ಊರಿನಲ್ಲಿ, ಬೇಟೆಯಾದ ತಿಮಿಂಗಿಲಗಳ ಗರ್ಭದಲ್ಲಿದ್ದ ಮರಿಗಳಿಗಾಗಿ 1692ರಲ್ಲಿ ನಿಲ್ಲಿಸಿದ ಸಮಾಧಿಯೊಂದುಂಟು. ಕೊಂದವರೇ ಕಲ್ಲು ನೆಟ್ಟು ಕೈಮುಗಿದರು. ಇದರಿಂದ ಹಿಂಸೆಯು ಅಳಿಸಿಹೋಗುವುದೆಂದು ಹೇಳಲಾಗದು. ಆದರೆ ಉಣ್ಣುವವರಿಗೆ ಮನಸ್ಸಾಕ್ಷಿಯೇ ಇಲ್ಲವೆನ್ನುವುದು ಅನ್ಯಾಯವಾದೀತು.

ಬಡಿಸಿದವರ ಮನಸ್ಸು ನೋಯದಂತೆ ವ್ರತವನ್ನೇ ಬಿಡುವುದು ಮೂರನೆಯ ಉತ್ತರ. ಇದು ಉದಾರವಾಗಿ ತೋರಿದರೂ ಆತಿಥ್ಯಕ್ಕೆ ಗೌರವ ತರುವುದಿಲ್ಲ. ಅತಿಥಿಯು ಮನಸ್ಸಿಗೆ ವಿರುದ್ಧವಾಗಿ, ಸಂಕೋಚದಿಂದ ಉಂಡನೆಂಬುದು ಮುಂದೊಂದು ದಿನ ತಿಳಿದರೆ ಸಜ್ಜನನಾದ ಯಾವ ಗೃಹಸ್ಥನೂ ಸಂತೋಷಪಡಲಾರನು.

ಊಟ ಮುಗಿದಾಗ ಜಪಾನೀಯರು ‘ಗೋಚಿಸೋಸಮ’ ಎನ್ನುವರು. ‘ಚಿಸೋ’ ಎಂಬುದಕ್ಕೆ ಓಡಾಟವೆಂದು ಮೂಲಾರ್ಥ. ಅತಿಥಿಗಾಗಿ ಅಲ್ಲಿ ಇಲ್ಲಿ ಓಡಿ ಪದಾರ್ಥಗಳನ್ನು ಕೂಡಿಸಿದವರ ಶ್ರಮವನ್ನು ಆ ಮಾತು ನೆನೆಯುತ್ತದೆ. ಓಡಾಟವೆಲ್ಲ ಮುಗಿದು ಬಟ್ಟಲುಗಳು ಮುಂದೆ ಬಂದ ಮೇಲೆ ಬೇಡವೆನ್ನುವವನು ಆ ಶ್ರಮವನ್ನು ವ್ಯರ್ಥಗೊಳಿಸುತ್ತಾನೆ. ಆದುದರಿಂದ ವ್ರತವನ್ನು ತಿಳಿಸಬೇಕಾದ ಕಾಲವು ಒಲೆ ಹೊತ್ತುವುದಕ್ಕೆ ಮುಂಚಿನದು. ಮೊದಲೇ ತಿಳಿಸಬೇಕು, ಸ್ಪಷ್ಟವಾಗಿ ತಿಳಿಸಬೇಕು. ಮೀನಿನ ಕಟ್ಟೂ ಸಲ್ಲದೆಂದು ಬಿಡಿಸಿ ಹೇಳಬೇಕು. ದೊರೆಯದಿದ್ದರೆ ಬರಿಯ ಅನ್ನ ಮತ್ತು ಉಪ್ಪಿನ ತರಕಾರಿಗಳಿಂದ ತೃಪ್ತನಾಗಬೇಕು. ವ್ರತದ ಭಾರವನ್ನು ಹೊರಬೇಕಾದವನು ವ್ರತವುಳ್ಳವನೇ ಹೊರತು ಬಡಿಸುವವರಲ್ಲ.

ಆ ದೇಶದ ಬೌದ್ಧ ಮಠಗಳಲ್ಲಿ ಇಂತಹವನಿಗೆ ಸಿದ್ಧವಾದ ಪಾಕವೂ ಉಂಟು. ಮೀನು ಮಾಂಸಗಳನ್ನೂ ಈರುಳ್ಳಿ ಬೆಳ್ಳುಳ್ಳಿಗಳನ್ನೂ ಬಿಟ್ಟು, ಕಡಲಕಳೆ ಮತ್ತು ಒಣಗಿದ ಅಣಬೆಗಳ ಕಟ್ಟಿನಿಂದ ಮಾಡುವ ಅದಕ್ಕೆ ‘ಶೋಜಿನ್’ ಅಡುಗೆಯೆಂದು ಹೆಸರು. ಕೋಯಾ ಪರ್ವತದ ಮಠಗಳಲ್ಲಿ ತಂಗುವ ಯಾತ್ರಿಕರಿಗೆ ಅದನ್ನು ಬಡಿಸುತ್ತಾರೆ. ‘ಶೋಜಿನ್’ ಎಂಬುದು ಸಂಸ್ಕೃತದ ‘ವೀರ್ಯ’ ಶಬ್ದದ ಅನುವಾದ. ಸಾಧಕನು ಎಡೆಬಿಡದೆ ಮಾಡುವ ಪ್ರಯತ್ನವೆಂದು ಅದರ ಭಾವ. ಝೆನ್ ಗುರು ದೋಗೆನ್ 1237ರಲ್ಲಿ ಮಠದ ಅಡುಗೆಯವನಿಗಾಗಿಯೇ ಒಂದು ಉಪದೇಶಗ್ರಂಥವನ್ನು ಬರೆದು, ಒರಟಾದ ಸೊಪ್ಪನ್ನೂ ಉತ್ತಮ ಪದಾರ್ಥವನ್ನೂ ಒಂದೇ ಶ್ರದ್ಧೆಯಿಂದ ಕಾಣಬೇಕೆಂದು ವಿಧಿಸಿದನು. ಅಡುಗೆಯವನಿಗೆ ಹೇಳಿದ ಈ ಮಾತು ಉಣ್ಣುವವನಿಗೂ ಸಲ್ಲುತ್ತದೆ. ಬಿಟ್ಟುದನ್ನು ಎಣಿಸುತ್ತ ಕೂರದೆ, ಬಂದುದನ್ನು ಆದರದಿಂದ ಉಣ್ಣುವವನೇ ತನ್ನ ವ್ರತಕ್ಕೆ ಕಳೆ ತರುವನು.

ಊಟಕ್ಕೆ ಮೊದಲು ಅವರು ‘ಇತದಾಕಿಮಸು’ ಎನ್ನುವರು. ‘ವಿನಯದಿಂದ ಸ್ವೀಕರಿಸುತ್ತೇನೆ’ ಎಂದು ಅದರ ಅರ್ಥ; ಪಡೆದುದನ್ನು ತಲೆಯ ಮೇಲೆ ಇರಿಸಿಕೊಳ್ಳುವುದೆಂದು ಆ ಕ್ರಿಯಾಪದದ ಮೂಲಾರ್ಥ. ಪ್ರಸಾದವನ್ನು ಕಣ್ಣಿಗೊತ್ತಿಕೊಳ್ಳುವ ನಾಡಿನವನಿಗೆ ಈ ಮಾತು ಹೊಸದಾಗಿ ತೋರಬೇಕಾಗಿಲ್ಲ. ಬಟ್ಟಲಲ್ಲಿರುವುದು ಮೀನಾಗಲಿ, ಮೂಲಂಗಿಯಾಗಲಿ, ಅದು ಒಂದು ಜೀವದಿಂದಲೂ ಅನೇಕರ ದುಡಿಮೆಯಿಂದಲೂ ಬಂದುದು. ಮೀನನ್ನು ಬಿಟ್ಟವನು ಮೀನಿನ ಋಣದಿಂದ ಬಿಡುಗಡೆ ಹೊಂದಿರಬಹುದು. ಅನ್ನದ ಋಣದಿಂದ ಅವನಿಗೂ ಬಿಡುಗಡೆಯಿಲ್ಲ.