ಕೀಳಲಾರದ ಕೈ

ಗುತ್ತಲಿನ ನಮ್ಮ ಬಾಡಿಗೆ ಮನೆ ಹಿಂದೆ 3 ಅಡಿ ಅಗಲದ ಮಡಿ ಮಾಡಿದೆ. ಅಷ್ಟೇ ಯಾಕಂದ್ರೆ ಎರಡೂ ಕಡೆಯಿಂದ ಕೈ ಎಟುಕಬೇಕು. ತುಳಿದ್ರೆ ಮಣ್ಣು ಗಟ್ಟಿಯಾಗಿ ಬೇರಿಗೆ ಉಸಿರಿರಲ್ಲ. ಕೆಂಪುಮಣ್ಣಿಗೆ ಕೊಟ್ಟಿಗೆ ಗೊಬ್ಬರ ಬೆರೆಸಿ ಮೂಲಂಗಿ ಬಿತ್ತಿದೆ, ಒತ್ತೊತ್ತಾಗಿ.

ಎರಡು ವಾರಕ್ಕೆ ಹಸಿರೋ ಹಸಿರು. ಪಕ್ಕದ ಮನೆ ಅಜ್ಜಿ, "ಮೂರು ಬೆರಳಿಗೊಂದು ಬಿಟ್ಟು ಉಳಿದದ್ದು ಕಿತ್ತು ಸಾರಿಗೆ ಹಾಕಪ್ಪ" ಅಂದ್ರು. ನನಗೆ ಕೈ ಬರಲಿಲ್ಲ. ಕಳೆ ಕೀಳೋದು ಸುಲಭ. ಇವು ನಾನೇ ಬಿತ್ತಿದ ಪೈರು, ಯಾವುದೂ ತಪ್ಪು ಮಾಡಿಲ್ಲ. ಕರುಣೆ ಅಂದ್ಕೊಂಡು ಎಲ್ಲಾ ಬಿಟ್ಟೆ. 45 ದಿನಕ್ಕೆ ಕಿತ್ತು ನೋಡಿದ್ರೆ ಬರೀ ಸೊಪ್ಪು, ಕೆಳಗೆ ಇಲಿಬಾಲದಂಥ ಬೇರು.

ಅದು ಕರುಣೆನಾ? ಆಯ್ಕೆ ಮಾಡೋ ನೋವು ನನಗೆ ಬೇಡವಾಗಿತ್ತು, ಅಷ್ಟೇ. ಬೆಲೆ ಕೊಟ್ಟಿದ್ದು ಪೈರು. ಲೂಕ 13ರ ತೋಟಗಾರ ಅಂಜೂರದ ಮರಕ್ಕೆ ಇನ್ನೊಂದು ವರ್ಷ ಕೇಳಿದನಲ್ಲ ಅಂತೀರಾ? ಕೇಳಿ ಸುಮ್ಮನಾಗಲಿಲ್ಲ, ಬುಡ ಅಗೆದು ಗೊಬ್ಬರ ಹಾಕೋಕೆ ಒಪ್ಪಿಕೊಂಡ.

ಅದೇ ತಿಂಗಳು ನಾನು ಯಾವ ಮೀಟಿಂಗಿಗೂ ಇಲ್ಲ ಅನ್ನಲಿಲ್ಲ. ಕೆಲಸ ಕಳಕೊಂಡ ಒಬ್ಬ ತಮ್ಮ ಮೂರು ಸಲ ಫೋನ್ ಮಾಡಿದ್ದ. "ಆಮೇಲೆ ಮಾತಾಡ್ತೀನಿ" ಅಂದಿದ್ದೆ. ಮನುಷ್ಯರು ಮೂಲಂಗಿ ಅಲ್ಲ, ಹುಷಾರು. ಕೀಳಬೇಕಾಗಿದ್ದು ನನ್ನ ಮೀಟಿಂಗುಗಳನ್ನ.

ಈ ಸಲ ಕಿತ್ತ ಎಳೆ ಸೊಪ್ಪನ್ನ ನನ್ನ ಹೆಂಡತಿ ಬೇಳೆ ಜೊತೆ ಬೇಯಿಸಿದಳು. ಆ ತಮ್ಮ ಊಟಕ್ಕೆ ಬಂದಿದ್ದ. ಎರಡು ಸಲ ಬಡಿಸಿಕೊಂಡ.