ಮೊದಲ ಸೂಜಿ ಯಾರ ಕೈಗೆ?

ಪ್ರವೇಶ ಸಿಕ್ಕಿದ ದಿನ ನರ್ಸಿಂಗ್ ಕಾಲೇಜಿನವರು ಒಂದು ಪಟ್ಟಿ ಕೊಟ್ಟರು. ಯೂನಿಫಾರ್ಮ್ ಎರಡು ಜೊತೆ, ಬಿಳಿ ಬೂಟು, ಸೆಕೆಂಡಿನ ಮುಳ್ಳಿರುವ ಕೈಗಡಿಯಾರ, ಆರೋಗ್ಯ ಸರಿಯಿದೆ ಎಂದು ಡಾಕ್ಟರು ಬರೆದ ಸರ್ಟಿಫಿಕೇಟು, ಹೆಪಟೈಟಿಸ್ ಬಿ ಲಸಿಕೆ ಹಾಕಿಸಿಕೊಂಡ ಚೀಟಿ. ಉಗುರು ಬೆಳೆಸುವಂತಿಲ್ಲ, ಬಳೆ ಉಂಗುರ ಕೂಡದು, ಕೂದಲು ಹರಡಿಕೊಂಡಿರಬಾರದು. ಡೊಂಬಿವಲಿ ಸ್ಟೇಷನ್ ಪಕ್ಕದ ಅಂಗಡಿಗಳಲ್ಲಿ ಮೂರು ದಿನ ಅಲೆದು ಹೆಚ್ಚುಕಡಿಮೆ ಎಲ್ಲ ಮುಗಿಸಿದ್ದೇನೆ. ಗಡಿಯಾರ ಮಾತ್ರ ಹೊಸದಲ್ಲ. ಅಪ್ಪನದು. ಹೋಟೆಲಿನ ಗಲ್ಲಾದಲ್ಲಿ ಕೂತಾಗ ಟೈಮು ನೋಡಲಿಕ್ಕೆ ಎದುರಿನ ಗೋಡೆಯಲ್ಲೇ ಗಡಿಯಾರ ಉಂಟು, ಇದು ನೀನೇ ಇಟ್ಟುಕೋ ಎಂದರು.

ಸುದ್ದಿ ಕೇಳಿದವರೆಲ್ಲ ಒಂದೇ ಮಾತು ಹೇಳಿದರು: ಪುಣ್ಯದ ಕೆಲಸ. ಪಕ್ಕದ ಬಿಲ್ಡಿಂಗಿನ ಕನ್ನಡದ ಆಂಟಿಯೊಬ್ಬರು ಮಾತ್ರ ದನಿ ತಗ್ಗಿಸಿ, "ಬೇರೆ ಯಾವುದೂ ಸಿಗಲಿಲ್ಲವಾ?" ಎಂದು ಕೇಳಿ, ಆಮೇಲೆ ತಾವೂ "ಸೇವೆ, ಪುಣ್ಯ" ಎಂದರು. ಹನ್ನೆರಡನೆಯ ತರಗತಿ ಮುಗಿದ ಮೇಲೆ ಎರಡು ವರ್ಷ ರಕ್ತಪರೀಕ್ಷೆಯ ಲ್ಯಾಬೊಂದರ ಕೌಂಟರಿನಲ್ಲಿ ರಸೀದಿ ಬರೆದವಳಿಗೆ ಇಷ್ಟು ಪುಣ್ಯ ಒಟ್ಟಿಗೇ ಬಂದರೆ ಗಾಬರಿಯಾಗುತ್ತದೆ. ನನಗೆ ಆ ಮಾತು ಕೇಳಿದಾಗಲೆಲ್ಲ ಅಜ್ಜಿಯ ಎಡಗೈ ನೆನಪಾಗುತ್ತದೆ.

ಮೂರು ವರ್ಷದ ಹಿಂದೆ ಊರಿನ ಕಡೆಯ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ಅಜ್ಜಿಯನ್ನು ಸೇರಿಸಿದ್ದೆವು. ವಾಂತಿ ಭೇದಿಯಾಗಿ ಮೈಯಲ್ಲಿ ನೀರೇ ಇರಲಿಲ್ಲ. ಡ್ರಿಪ್ ಹಾಕಲಿಕ್ಕೆ ನರ ಸಿಗುತ್ತಿರಲಿಲ್ಲ. ಸೂಜಿ ಹಿಡಿದು ಬಂದವಳು ಕಲಿಯುವ ಹುಡುಗಿ, ನನಗಿಂತ ಎರಡು ಮೂರು ವರ್ಷ ದೊಡ್ಡವಳಿರಬೇಕು. ಒಂದು ಸಲ ಚುಚ್ಚಿದಳು, ಎರಡು ಸಲ, ಮೂರು ಸಲ. ಅಂಗೈ ಹಿಂಭಾಗ ನೀಲಿಗಟ್ಟಿ ಊದಿತು. ನಾಲ್ಕನೆಯ ಸಲಕ್ಕೆ ಅವಳ ಕೈ ನಡುಗುತ್ತಿದ್ದುದು ನನಗೇ ಕಾಣುತ್ತಿತ್ತು. ಅಜ್ಜಿ ಕಣ್ಣು ಮುಚ್ಚಿಕೊಂಡೇ, "ಅಡ್ಡಿಲ್ಲ ತಂಗೀ, ಇನ್ನೊಂದು ಸಲ ನೋಡು" ಎಂದಳು. ನಾನು ಸಿಟ್ಟಿನಲ್ಲಿ, ಇದೇನು ನಿಮ್ಮ ಪ್ರಾಕ್ಟೀಸಿನ ಗೊಂಬೆಯಾ ಎಂದು ಕೂಗಿಬಿಟ್ಟೆ. ಹುಡುಗಿ ಕಣ್ಣೀರು ಹಾಕಿಕೊಂಡು ಹೋದಳು. ದೊಡ್ಡ ಸಿಸ್ಟರ್ ಬಂದು ಕೆಲಸ ಮುಗಿಸಿದರು.

ಮರುವರ್ಷ ಅಪ್ಪನಿಗೆ ಇಲ್ಲಿ ಹರ್ನಿಯಾ ಆಪರೇಷನ್ ಆಯಿತು, ಖಾಸಗಿ ನರ್ಸಿಂಗ್ ಹೋಮಿನಲ್ಲಿ. ವಯಸ್ಸಾದ ಸಿಸ್ಟರ್ ಒಬ್ಬರು ಬಂದರು, ಮೊಣಕೈ ಮೇಲೆ ಪಟ್ಟಿ ಬಿಗಿದರು, ಬೆರಳಿನಿಂದ ಒಮ್ಮೆ ಒತ್ತಿ ನೋಡಿದರು, ಅಷ್ಟೆ. ಅಪ್ಪನಿಗೆ ಗೊತ್ತೇ ಆಗಲಿಲ್ಲ. ಎಂಥ ಕೈ ಎಂದು ನಾನು ಹೊಗಳಿದೆ. ಬಿಲ್ಲು ಕಟ್ಟುವ ಸಾಲಿನಲ್ಲಿ ನಿಂತಾಗ ಹೊಳೆಯಿತು: ಈ ಕೈ ಎಲ್ಲಿ ಕಲಿತದ್ದು? ಎಲ್ಲೋ ಒಂದು ದೊಡ್ಡ ಆಸ್ಪತ್ರೆಯ ಜನರಲ್ ವಾರ್ಡಿನಲ್ಲಿ, ಯಾರದೋ ಅಜ್ಜಿಯ ಕೈ ಊದಿಸಿಯೇ ಕಲಿತಿರಬೇಕು. ನಾವು ಕಟ್ಟಿದ ಹಣ ನರ್ಸಿಂಗ್ ಹೋಮಿಗೆ ಹೋಯಿತು. ಆ ಅಜ್ಜಿಗೆ ಏನು ಹೋಯಿತು?

ಅಂದಿನಿಂದ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಈಗ ನಾನೇ ಆ ಹುಡುಗಿಯ ಜಾಗಕ್ಕೆ ಹೋಗುತ್ತಿರುವುದರಿಂದ ಇನ್ನೂ ಬಿಗಿಯಾಗಿದೆ. ಯಾರಾದರೂ ಕಲಿಯಲೇಬೇಕಲ್ಲ, ಕಲಿಯದಿದ್ದರೆ ನಾಳೆ ನರ್ಸುಗಳು ಎಲ್ಲಿಂದ ಬರಬೇಕು ಎಂದು ಅಪ್ಪ ಹೇಳುತ್ತಾರೆ. ಹೋಟೆಲಿನಲ್ಲೂ ಹೊಸ ಹುಡುಗ ಬಂದರೆ ಮೊದಲ ತಿಂಗಳು ನಾಲ್ಕು ಲೋಟ ಒಡೆಯುತ್ತಾನೆ, ಅದನ್ನು ಲೆಕ್ಕಕ್ಕೆ ಹಿಡಿಯಬಾರದು ಅನ್ನುವುದು ಅವರ ನ್ಯಾಯ. ಮಾತು ಸರಿಯೇ. ಆದರೆ ಲೋಟ ಧಣಿಯದು. ನಷ್ಟ ಅವನಿಗೆ, ಹುಡುಗ ಕಲಿತರೆ ಲಾಭವೂ ಅವನಿಗೆ. ವಾರ್ಡಿನಲ್ಲಿ ನೋವು ಒಬ್ಬರಿಗೆ, ಲಾಭ ಇನ್ನೊಬ್ಬರಿಗೆ. ನೋವು ಯಾರ ಪಾಲಿಗೆ ಬರುತ್ತದೆ ಎಂಬುದೂ ಚೀಟಿ ಎತ್ತಿ ತೀರ್ಮಾನವಾಗುವುದಿಲ್ಲ. ದುಡ್ಡಿದ್ದವನು ನುರಿತ ಕೈಯನ್ನು ಕೊಳ್ಳುತ್ತಾನೆ, ಇಲ್ಲದವನು ಕಲಿಯುವ ಕೈಗೆ ತನ್ನ ಕೈ ಒಡ್ಡುತ್ತಾನೆ.

ಅಜ್ಜಿ "ಅಡ್ಡಿಲ್ಲ" ಎಂದಳಲ್ಲ, ಒಪ್ಪಿಗೆ ಕೊಟ್ಟ ಹಾಗಾಯಿತಲ್ಲ ಎನ್ನಬಹುದು. ನಮ್ಮ ಕಡೆಯವರಿಗೆ ಈ ಪದದ ಅಳತೆ ಗೊತ್ತು. ಊಟ ಚೆನ್ನಾಗಿದ್ದರೂ ಅಡ್ಡಿಲ್ಲ, ಮಳೆಯಲ್ಲಿ ಮಾಡು ಸೋರಿದರೂ ಅಡ್ಡಿಲ್ಲ. ಅವಳು ಆ ಹುಡುಗಿಯ ಮೇಲಿನ ಕನಿಕರದಿಂದ ಹೇಳಿದಳೋ, ಬೇರೆ ಹಾಸಿಗೆ ಇಲ್ಲವೆಂದು ಹೇಳಿದಳೋ? ಎರಡೂ ಇದ್ದಿರಬಹುದು. ಬೇಡ ಎನ್ನಲಿಕ್ಕೆ ದಾರಿ ಇಲ್ಲದವಳು ಹೇಳಿದ ಹೂಂ ಅನ್ನು ಒಪ್ಪಿಗೆ ಎಂದು ಎಣಿಸಲಿಕ್ಕೆ ನನಗೆ ಮನಸ್ಸು ಒಗ್ಗುವುದಿಲ್ಲ. ಹಾಗೆಂದು ಅದನ್ನು ಬರೀ ಅಸಹಾಯಕತೆ ಎಂದರೆ ಅಜ್ಜಿಯನ್ನೇ ಸಣ್ಣವಳನ್ನಾಗಿ ಮಾಡಿದಂತೆ. ನೋಯುತ್ತಿದ್ದ ಆ ಹೊತ್ತಿನಲ್ಲಿ ಅಲ್ಲಿದ್ದವರಲ್ಲಿ ಸೇವೆ ಮಾಡಿದವಳು ಅವಳೊಬ್ಬಳೇ ಎಂದು ಈಗ ಅನಿಸುತ್ತದೆ. ಸತ್ತ ಮೇಲೆ ದೇಹದಾನ ಮಾಡುವವರು ಮೊದಲೇ ಬರೆದುಕೊಟ್ಟಿರುತ್ತಾರೆ; ಕೆಲವರ ಹೆಸರು ಪೇಪರಿನಲ್ಲೂ ಬರುತ್ತದೆ, ಬರಬೇಕಾದ್ದೇ. ಬದುಕಿರುವಾಗಲೇ ಕೈಕೊಟ್ಟವರ ಹೆಸರು ಎಲ್ಲೂ ಇಲ್ಲ.

ಹಾಗಾಗಿ ಪುಣ್ಯದ ಮಾತು ನನಗೆ ಉಲ್ಟಾ ಕಾಣುತ್ತದೆ. ನಾನು ಕೊಡಲಿಕ್ಕೆ ಹೋಗುತ್ತಿಲ್ಲ, ಇನ್ನೂ ಬಹುಕಾಲ ತೆಗೆದುಕೊಳ್ಳಲಿಕ್ಕೇ ಹೋಗುತ್ತಿದ್ದೇನೆ. ಲಸಿಕೆಯನ್ನೇ ನೋಡಿ. ಹೆಪಟೈಟಿಸ್ ಬಿಗೆ ಮೂರು ಡೋಸು: ಮೊದಲನೆಯದು, ಒಂದು ತಿಂಗಳ ಮೇಲೆ ಎರಡನೆಯದು, ಆರು ತಿಂಗಳಿಗೆ ಮೂರನೆಯದು. ನನಗೆ ಎರಡು ಆಗಿವೆ. ರೋಗಿಯ ರಕ್ತದಿಂದ ನನಗೆ ಅಪಾಯ ಬಾರದಿರಲಿ ಎಂದು ಅದು. ನ್ಯಾಯವೇ. ನನ್ನ ಅರೆಕಲಿತ ಕೈಯಿಂದ ರೋಗಿಯನ್ನು ಕಾಯಲಿಕ್ಕೆ ಪಟ್ಟಿಯಲ್ಲಿ ಏನಿದೆ ಎಂದು ಹುಡುಕಿದೆ. ಉಗುರು ಕತ್ತರಿಸುವುದೊಂದಿದೆ.

ಅಮ್ಮನ ಹೆದರಿಕೆ ಬೇರೆ. ಅಮ್ಮ ಹೊನ್ನಾವರದ ಕಡೆಯವಳು, ಮುಂಬಯಿ ಮತ್ತು ನರ್ಸ್ ಎಂಬ ಎರಡು ಪದ ಒಟ್ಟಿಗೆ ಬಂದರೆ ಅವಳಿಗೆ ಒಂದೇ ನೆನಪು. ಹಳದೀಪುರದಿಂದ ಬಂದು ಪರೇಲಿನ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಅರುಣಾ ಶಾನಭಾಗ ಅವರ ಮೇಲೆ 1973ರ ನವೆಂಬರ್ 27ರಂದು ಅಲ್ಲಿಯ ವಾರ್ಡ್‌ಬಾಯ್ ಒಬ್ಬ ಎಸಗಿದ ಕ್ರೌರ್ಯ, ಆಮೇಲೆ 2015ರ ಮೇ 18ರವರೆಗೆ ಅದೇ ಆಸ್ಪತ್ರೆಯ ಹಾಸಿಗೆಯಲ್ಲಿ ಅವರು ಕಳೆದ ವರ್ಷಗಳು. ಅಮ್ಮನ ಹೆದರಿಕೆಯನ್ನು ನಾನು ತಳ್ಳಿಹಾಕುವುದಿಲ್ಲ. ನೈಟ್ ಡ್ಯೂಟಿಯ ಹೆಣ್ಣುಮಕ್ಕಳಿಗೆ ಆ ಹೆದರಿಕೆ ಇವತ್ತಿಗೂ ಉಂಟು. ಆದರೆ ಆ ಕಥೆಯಲ್ಲಿ ನನ್ನ ಕಣ್ಣು ಹೋಗುವುದು ಬೇರೊಂದು ಕಡೆಗೆ. ಅಷ್ಟು ವರ್ಷ ಮಲಗಿದ್ದರೂ ಅವರ ಮೈಮೇಲೆ ಹಾಸಿಗೆ ಹುಣ್ಣು ಇರಲಿಲ್ಲ ಎಂಬುದು ಸುಪ್ರೀಂ ಕೋರ್ಟಿನವರೆಗೂ ಹೋದ ಮಾತು. ತಾನಾಗಿ ಹೊರಳಲಾರದವರನ್ನು ಎರಡೆರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಮಲಗಿಸಬೇಕು, ಇಲ್ಲದಿದ್ದರೆ ಚರ್ಮ ಕೊಳೆಯುತ್ತದೆ. ಲೆಕ್ಕ ಹಾಕಿದರೆ ದಿನಕ್ಕೆ ಹನ್ನೆರಡು ಸಲ. ನಲವತ್ತು ದಾಟಿದ ವರ್ಷಗಳಲ್ಲಿ ಬಂದುಹೋದ ನರ್ಸುಗಳು ಎಷ್ಟೋ. ಬಹಳ ಮಂದಿ ಅವರನ್ನು ನಡೆದಾಡುವಾಗ ಕಂಡೇ ಇರಲಿಲ್ಲ. ಅವರನ್ನು ಇಷ್ಟು ವರ್ಷ ನೋಡಿಕೊಂಡ ಆಸ್ಪತ್ರೆಯವರಿಗೇ ಅವರ ಪರವಾಗಿ ಮಾತಾಡುವ ಅಧಿಕಾರ ಎಂದು 2011ರ ಮಾರ್ಚ್ 7ರ ತೀರ್ಪು ಹೇಳಿತು. ರಕ್ತಸಂಬಂಧ ಇಲ್ಲದ ಕಡೆ ಆ ಅಧಿಕಾರ ಬಂದದ್ದು ಹೊರಳಿಸಿ ಮಲಗಿಸಿದ ಕೈಗಳಿಂದ. ಆ ಅಧಿಕಾರ ಅಷ್ಟು ದೂರ ಹೋಗಬೇಕೇ ಎಂಬುದು ಬೇರೆಯೇ ವಾದ; ಇಪ್ಪತ್ತು ವರ್ಷದ ನಾನು ಅದಕ್ಕೆ ಕೈಹಾಕುವುದಿಲ್ಲ. ನನಗೆ ಬೇಕಾದದ್ದು ಹನ್ನೆರಡು ಸಲದ ಲೆಕ್ಕ. ಕೇಳಲಿಕ್ಕೂ ಆಗದ, ಬೇಡ ಎನ್ನಲಿಕ್ಕೂ ಆಗದ ಒಬ್ಬರ ಋಣ ಹೀಗೆ ತೀರುತ್ತಿತ್ತು, ಅಥವಾ ತೀರದೆ ಮುಂದಿನ ಪಾಳಿಗೆ ಹೋಗುತ್ತಿತ್ತು.

ಕೇಳುವುದು ಎಂದಾಗ ಒಂದು ಮಾತು. ಶುಶ್ರೂಷೆ ಎಂಬ ಪದಕ್ಕೆ ಮೂಲದಲ್ಲಿ ಕೇಳುವ ಬಯಕೆ ಎಂದು ಅರ್ಥ ಅಂತ ನಿಘಂಟು ನೋಡಿದಾಗ ತಿಳಿಯಿತು. ಆರೈಕೆ ಎಂಬ ಅರ್ಥ ಆಮೇಲೆ ಬಂದದ್ದು. ಶಾಲೆಯಲ್ಲಿ ಈ ಪದದ ಶಕಾರ ಷಕಾರ ತಪ್ಪಿಸಿ ಬರೆದು ಎಷ್ಟು ಸಲ ಪೆಟ್ಟು ತಿಂದಿದ್ದೇನೋ, ಯಾರೂ ಇದನ್ನು ಹೇಳಿಕೊಟ್ಟಿರಲಿಲ್ಲ.

ಹಾಗಾಗಿ ಬೂಟು ಬಟ್ಟೆಯ ಜೊತೆಗೆ ನಾನು ಇನ್ನೊಂದು ತಯಾರಿ ಮಾಡುತ್ತಿದ್ದೇನೆ. ಒಂದೇ ವಾಕ್ಯವನ್ನು ಮೂರು ಭಾಷೆಯಲ್ಲಿ ಬಾಯಿಪಾಠ: ನಾನು ಇನ್ನೂ ಕಲಿಯುವವಳು, ನಾನು ಮಾಡಬಹುದಾ? ನನ್ನ ಮರಾಠಿ ಸಂತೆ ಮರಾಠಿ, ತರಕಾರಿ ಚೌಕಾಸಿಗೆ ಸಾಕು. ಈಗ "ದುಖತೇ ಕಾ?" ಎಂದು ಮೆತ್ತಗೆ ಕೇಳುವುದನ್ನು ಕಲಿಯುತ್ತಿದ್ದೇನೆ. ಎರಡು ಸಲ ತಪ್ಪಿದರೆ ಮೂರನೆಯದಕ್ಕೆ ನನಗಿಂತ ದೊಡ್ಡವರನ್ನು ಕರೆಯುವುದು ಎಂದೂ ಬರೆದಿಟ್ಟಿದ್ದೇನೆ. ಬೈಸಿಕೊಳ್ಳುವ ಭಯದಲ್ಲಿ ಇದನ್ನು ಪಾಲಿಸುತ್ತೇನೋ ಇಲ್ಲವೋ, ಹೋಗಿ ನೋಡಬೇಕು. ಅಂದು ಅಜ್ಜಿಯ ಮುಂದಿದ್ದ ಹುಡುಗಿ ಯಾರನ್ನೂ ಕರೆಯದಿದ್ದುದಕ್ಕೆ ಅದೇ ಭಯ ಕಾರಣವೇನೋ. ಅವಳ ಹೆಸರೂ ನನಗೆ ಗೊತ್ತಿಲ್ಲ. ಗೊತ್ತಿದ್ದರೆ ಕ್ಷಮೆ ಕೇಳುತ್ತಿದ್ದೆ. ಇನ್ನು, ನಾನು ಕೇಳಿದಾಗ ಯಾರಾದರೂ ಬೇಡ ಎಂದುಬಿಟ್ಟರೆ? ಎಲ್ಲರೂ ಬೇಡ ಎಂದರೆ ನಾನು ಕಲಿಯುವುದೇ ಇಲ್ಲ. ಇದಕ್ಕೆ ನನ್ನ ಹತ್ತಿರ ಉತ್ತರವಿಲ್ಲ. ಬೇಡ ಎನ್ನಬಹುದು ಎಂದು ಗೊತ್ತಿದ್ದೂ ಹೂಂ ಎನ್ನುವವರು ಇರುತ್ತಾರೆ ಎಂದು ನಂಬಿ ಹೋಗುತ್ತಿದ್ದೇನೆ.

ನಿನ್ನೆ ರಾತ್ರಿ ಹೋಟೆಲ್ ಮುಚ್ಚಿ ಬಂದ ಅಪ್ಪ ಊಟಕ್ಕೆ ಕೂರುವ ಮೊದಲು ಕೈ ಚಾಚಿದರು, "ನಾಡಿ ನೋಡು, ಪ್ರಾಕ್ಟೀಸ್ ಆಗಲಿ." ಅವರದೇ ಗಡಿಯಾರ ನೋಡುತ್ತ ಒಂದು ನಿಮಿಷ ಎಣಿಸಿದೆ. ಎಂಬತ್ತೆರಡು ಎಂದೆ. ಆಮೇಲೆ ನೋಡಿದರೆ ನಾನು ಒತ್ತಿದ್ದು ಹೆಬ್ಬೆರಳಿನಿಂದ. ಹೆಬ್ಬೆರಳಿಗೆ ಅದರದೇ ಮಿಡಿತ ಉಂಟು. ಅದರಿಂದ ಎಣಿಸಿದರೆ ರೋಗಿಯ ನಾಡಿ ಎಂದುಕೊಂಡು ನಮ್ಮದನ್ನೇ ಎಣಿಸಿಬಿಡುತ್ತೇವೆ ಎಂದು ಎಲ್ಲ ಪುಸ್ತಕದಲ್ಲೂ ಬರೆದಿರುತ್ತದೆ. ಅಪ್ಪ ಕೈ ಹಿಂದಕ್ಕೆ ತೆಗೆದುಕೊಂಡಿರಲಿಲ್ಲ.

"ಇನ್ನೊಂದು ಸಲ ನೋಡಲಾ?" ಎಂದು ಕೇಳಿದೆ.

"ಅಡ್ಡಿಲ್ಲ" ಎಂದರು.

ಮೂರು ಬೆರಳಿಟ್ಟು ಮತ್ತೆ ಮೊದಲಿನಿಂದ ಎಣಿಸಿದೆ.