ದುರ್ಬಲ ಕಾಲು ಕಲಿಸುವ ಪಾಠ

ಅಗಲಿದ ಗುರುವನ್ನು ಸ್ಮರಿಸುವುದೆಂದರೇನು? ಭಾವಚಿತ್ರಕ್ಕೆ ಹಾರ ಹಾಕಿ, ಗೆದ್ದ ಪದಕಗಳನ್ನು ಎಣಿಸಿದರೆ ಋಣ ತೀರೀತೇ?

ನಮ್ಮ ರಾಯಚೂರು 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿತ್ತು. ಆ ಹೈದರಾಬಾದಿನ ಶಾಲಾ ಶಿಕ್ಷಕ ಸೈಯದ್ ಅಬ್ದುಲ್ ರಹೀಮ್ ಭಾರತ ಫುಟ್ಬಾಲ್ ತಂಡದ ತರಬೇತುದಾರರಾದರು. ಅವರ ಮಾರ್ಗದರ್ಶನದಲ್ಲಿ ತಂಡವು 1951ರಲ್ಲಿ ದೆಹಲಿಯಲ್ಲೂ 1962ರಲ್ಲಿ ಜಕಾರ್ತದಲ್ಲೂ ಏಷ್ಯನ್ ಕ್ರೀಡಾಕೂಟದ ಚಿನ್ನ ಗೆದ್ದಿತು. 1963ರ ಜೂನ್ ತಿಂಗಳಲ್ಲಿ ಅವರು ಕ್ಯಾನ್ಸರ್‌ನಿಂದ ನಿಧನರಾದರು.

ಕಿರಿಯ ಆಟಗಾರರಿಗಾಗಿ ಅವರು ಒಂದು ಅಪರೂಪದ ಪಂದ್ಯಾವಳಿ ಏರ್ಪಡಿಸುತ್ತಿದ್ದರು. ಅಲ್ಲಿ ಚೆಂಡನ್ನು ದುರ್ಬಲ ಕಾಲಿನಿಂದಲೇ ಒದೆಯಬೇಕಿತ್ತು. ಚತುರನೆನಿಸಿದವನೂ ಅಂಥ ಪಂದ್ಯದಲ್ಲಿ ಎಡವಿ, ಹೊಸದಾಗಿ ಕಲಿಯಬೇಕಾಗುತ್ತದೆ. ಹಿಂದುಳಿದವನ ಕಷ್ಟ ಅವನಿಗೆ ತಿಳಿಯುತ್ತದೆ.

ಧರ್ಮಸಭೆಯನ್ನು ದೇಹಕ್ಕೆ ಹೋಲಿಸಿದ ಸಂತ ಪೌಲರು ಬಲಹೀನ ಅಂಗವನ್ನು ಕಡೆಗಣಿಸಬಾರದೆಂದು ಕೊರಿಂಥದವರಿಗೆ ತಿಳಿಹೇಳಿದರು. ದೇವದುರ್ಗ, ಮಾನ್ವಿಯ ಬಯಲುಗಳಲ್ಲಿ ಬರಿಗಾಲಲ್ಲಿ ಆಡುವ ಮಕ್ಕಳ ನಡುವೆ, ಹೆತ್ತವರೊಡನೆ ಗುಳೆ ಹೋಗಿ ಮರಳಿದ ಬಾಲಕನೂ ಇರುತ್ತಾನೆ. ಪಾಠದಲ್ಲೂ ಆಟದಲ್ಲೂ ಹಿಂದುಳಿದ ಅವನನ್ನು ಗೆರೆಯಾಚೆ ನಿಲ್ಲಿಸುವುದು ಸುಲಭ.

ಗೆಲ್ಲಬೇಕಾದ ತಂಡ ದುರ್ಬಲನಿಗಾಗಿ ಏಕೆ ಕಾಯಬೇಕು ಎಂದು ನೀವು ಕೇಳಬಹುದು. ರಹೀಮರು ಗೆಲುವನ್ನು ತುಚ್ಛವೆಂದು ಭಾವಿಸಿದವರಲ್ಲ. ದುರ್ಬಲ ಕಾಲನ್ನು ಪಳಗಿಸುವುದೂ ಗೆಲುವಿನ ದಾರಿಯೆಂದು ಬಲ್ಲವರು. ಒಂದೇ ಕಾಲಿನ ಬಲವನ್ನು ನಂಬಿದ ಆಟಗಾರನೂ, ಬಲಿಷ್ಠರನ್ನಷ್ಟೇ ನಂಬಿದ ಸಮುದಾಯವೂ ಅರ್ಧ ಶಕ್ತಿಯಿಂದಲೇ ಆಡುತ್ತವೆ.

ಅಗಲಿದ ಗುರುಗಳಿಗಾಗಿ ಪ್ರಾರ್ಥಿಸುವಾಗ ಗೆರೆಯಾಚೆ ನಿಂತ ಆ ಬಾಲಕನನ್ನೂ ನೆನೆಯಿರಿ. ನಾಳೆ ಸಂಜೆ ಅವನ ಕಾಲಿಗೊಂದು ಚೆಂಡು ಸಿಗಲಿ. ಗುರುವಿನ ಸ್ಮರಣೆ ಅಲ್ಲಿ ಜೀವಂತವಾಗಿರುತ್ತದೆ.